ಆಚೆ ಬದಿಯ ನೀರು

"ಮುಳ್ಳು ನನ್ನ ಕಡೆಗೇ ತಿರುಗಿದ್ರೆ ಅದು ನನ್ನ ತಪ್ಪಾ?" ಎಂದು ಅವನು ಕೇಳಿದ.

ನಾನು ಬಂಡೆಯ ಪಕ್ಕ ಮಂಡಿಯೂರಿ ಕೂತಿದ್ದೆ. ಕಲ್ಲಿನ ಮೇಲೆ ದಿಕ್ಸೂಚಿ ಇತ್ತು. ನಾನೊಬ್ಬಳೇ ಇದ್ದಾಗ ನೆಟ್ಟಗೆ ಉತ್ತರ ತೋರಿಸುತ್ತಿದ್ದ ಮುಳ್ಳು, ಅವನು ಬಗ್ಗಿದ ಕೂಡಲೇ ನಡುಗಿ, ಓಲಾಡಿ, ಅವನ ಸೊಂಟದ ಕಡೆಗೆ ಹೊರಳುತ್ತಿತ್ತು.

"ನೀವು ಸ್ವಲ್ಪ ದೂರ ನಿಂತ್ಕೊಳ್ಳಿ," ಎಂದೆ.

"ದೂರ ನಿಂತು ಅಳೆಯೋದು ಹೇಗೆ?"

"ನಾನು ಅಳೀತೀನಿ."

"ಪೋಖ್ರೆ ಊರಿನವರೇ ಹೀಗೆ. ಎಲ್ಲಾ ನೀವೇ ಮಾಡ್ತೀರ, ಆಮೇಲೆ ನೀರಿಲ್ಲ ಅಂತ ನಮ್ಮೂರ ಕಡೆ ನೋಡ್ತೀರ."

ಆ ಮಾತು ನನಗೆ ಚುಚ್ಚಿತು. ಎದ್ದು ನಿಂತೆ. ಅಷ್ಟರಲ್ಲಿ ನಮಗೆ ಪಾಠ ಹೇಳುತ್ತಿದ್ದ ದೇವಾನ್ ಸರ್ ಏದುಸಿರು ಬಿಡುತ್ತಾ ಮೇಲೆ ಬಂದರು. ಮುಳ್ಳನ್ನೂ ನೋಡಿದರು, ಅವನನ್ನೂ ನೋಡಿದರು.

"ಯೋಗೇನ್, ಸೊಂಟದಲ್ಲಿ ಏನದು?"

"ಖುಕುರಿ ಸರ್."

"ಮೊಳದುದ್ದ ಕಬ್ಬಿಣ ಕಟ್ಕೊಂಡು ದಿಕ್ಸೂಚಿ ನೋಡ್ತಿದ್ದೀಯಾ?"

"ಕಾಡಿಗೆ ಖುಕುರಿ ಇಲ್ಲದೆ ಹೋದ್ರೆ ನಮ್ಮಪ್ಪ ಮನೆಗೆ ಸೇರಿಸಲ್ಲ ಸರ್."

ಅವನು ಹೋಗಿ ಖುಕುರಿಯನ್ನು ಒಂದು ಕೊಂಬೆಗೆ ನೇತುಹಾಕಿ ಬಂದ. ಮುಳ್ಳು ಶಾಂತವಾಗಿ ಉತ್ತರಕ್ಕೆ ನಿಂತಿತು. ಉಳಿದವರೆಲ್ಲ ನಕ್ಕರು. ನಾನು ನಗಲಿಲ್ಲ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಇವರ ಮುಳ್ಳು ಮಾತ್ರ ಯಾವುದಕ್ಕೂ ಅಲ್ಲಾಡಲ್ಲ," ಎಂದ.

ಸರ್ ನಮ್ಮಿಬ್ಬರನ್ನೇ ಜೋಡಿ ಮಾಡಿದರು. ಜಗಳ ಆಡುವವರು ಅಳತೆಯನ್ನು ಸರಿಯಾಗಿ ನೋಡುತ್ತಾರೆ, ಪರಸ್ಪರ ನಂಬುವುದಿಲ್ಲವಲ್ಲ ಎಂಬುದು ಅವರ ಲೆಕ್ಕ.

*

ನಮ್ಮದು ದಕ್ಷಿಣ ಸಿಕ್ಕಿಂನ ಪೋಖ್ರೆ. ಯೋಗೇನ್ ಗುರುಂಗನದು ಸಿರುಬಾರಿ. ಒಂದೇ ಗುಡ್ಡದ ಈಚೆಗೊಂದು ಊರು, ಆಚೆಗೊಂದು. ಎರಡು ಊರುಗಳ ನಡುವೆ ಆ ಗುಡ್ಡದ ಬೆನ್ನು ಮಾತ್ರ.

ಪೋಖ್ರೆಯಲ್ಲಿ ಇರುವುದು ಒಂದೇ ಧಾರೆ. ಕಲ್ಲಿನ ಬಿರುಕಿನಿಂದ ಹೊರಬಂದು ಬಿದಿರಿನ ದೋಣಿಯಲ್ಲಿ ಹರಿದು ಬೀಳುತ್ತದೆ. ಅದರ ನೆತ್ತಿಯ ಮೇಲೆ ದೇವಿಯ ಗುಡಿ. ನಾನು ಚಿಕ್ಕವಳಿದ್ದಾಗ ಅದು ತೋಳಿನಷ್ಟು ದಪ್ಪ ಬೀಳುತ್ತಿತ್ತಂತೆ. ಈಗ ಚಳಿ ಮುಗಿಯುವ ಹೊತ್ತಿಗೆ ಬೆರಳಿನಷ್ಟಾಗುತ್ತದೆ. ಹೆಂಗಸರು ಬೆಳಕು ಹರಿಯುವ ಮೊದಲೇ ಕ್ಯಾನು ಸಾಲಿಟ್ಟು ಕಾಯುತ್ತಾರೆ. ಮೊದಮೊದಲು ಆ ಸಾಲಿನಲ್ಲಿ ಮಾತು, ನಗು, ಜಗಳ ಎಲ್ಲ ಇರುತ್ತಿತ್ತು. ಈಚೆಗೆ ಯಾರೂ ಮಾತಾಡುವುದಿಲ್ಲ. ನಾನು ಸುಮ್ಮನಿರುವವಳು, ಸುಮ್ಮನಿರುವುದರಲ್ಲಿ ನೂರು ಬಗೆ ಇದೆಯೆಂದು ಬಲ್ಲೆ. ಆದರೆ ಆ ಸಾಲಿನ ಮೌನ ನನಗೂ ಹೆದರಿಕೆ ಹುಟ್ಟಿಸುತ್ತಿತ್ತು.

ನನ್ನ ಅಪ್ಪ ಕರ್ಣಧೋಜ್ ರಾಯಿ ಧಾರೆ ಸಮಿತಿಯ ಅಧ್ಯಕ್ಷರು. ಧಾರೆಯ ನೇರ ಮೇಲಿನ ಕಾಡಿನಲ್ಲಿ ಮಳೆನೀರು ಇಂಗಲಿ ಎಂದು ಅವರು ಊರವರ ಕೈಲಿ ಎರಡು ವರ್ಷ ಗುಂಡಿ ತೋಡಿಸಿದರು. ನೀರು ಒಂದು ಲೋಟದಷ್ಟೂ ಹೆಚ್ಚಲಿಲ್ಲ. ಜನ ಎದುರಿಗೆ ಏನೂ ಅನ್ನಲಿಲ್ಲ. ಅಪ್ಪ ಮಾತ್ರ ಧಾರೆಯ ದಾರಿ ಬಿಟ್ಟು ಸುತ್ತು ದಾರಿಯಲ್ಲಿ ಓಡಾಡತೊಡಗಿದರು.

ನಾಮ್ಚಿಯ ಕಾಲೇಜಿನಲ್ಲಿ ಭೂಗೋಳ ಓದಿ ಮುಗಿಸಿ ಮನೆಯಲ್ಲಿದ್ದ ನಾನು, ಊರೂರಿನ ಹುಡುಗ ಹುಡುಗಿಯರಿಗೆ ಒರತೆಗಳ ಬಗ್ಗೆ ತರಬೇತಿ ಕೊಡುತ್ತಾರೆಂದು ತಿಳಿದಾಗ ಹೆಸರು ಕೊಟ್ಟದ್ದು ಇದೇ ಕಾರಣಕ್ಕೆ.

"ಗುಡ್ಡದ ಇಳಿಜಾರು ನೋಡಿ ಮೋಸ ಹೋಗಬೇಡಿ," ಎಂದು ಸರ್ ಮೊದಲ ದಿನವೇ ಹೇಳಿದ್ದರು. "ಮಣ್ಣಿನ ಕೆಳಗೆ ಕಲ್ಲು ಹಾಳೆ ಹಾಳೆಯಾಗಿ ಮಲಗಿದೆ. ಆ ಹಾಳೆ ಯಾವ ಕಡೆ ವಾಲಿದೆಯೋ ನೀರು ಆ ಕಡೆ ಹೋಗುತ್ತೆ. ಗುಡ್ಡ ಯಾವ ಕಡೆ ಇಳಿದ್ರೆ ಅದಕ್ಕೇನು?"

ತರಗತಿಯಲ್ಲಿ ಕಲಿತದ್ದು ಇಷ್ಟೇ. ಉಳಿದದ್ದೆಲ್ಲ ಕೈಕಾಲುಗಳಿಂದ ಕಲಿಯಬೇಕಿತ್ತು. ಪೊದೆ ಸರಿಸಿ ಬಂಡೆ ಹುಡುಕಬೇಕು. ಅದು ಮೇಲಿನಿಂದ ಉರುಳಿ ಬಂದ ಕಲ್ಲೋ, ಗುಡ್ಡಕ್ಕೇ ಅಂಟಿಕೊಂಡದ್ದೋ ಎಂದು ತಟ್ಟಿ ನೋಡಬೇಕು. ಮೇಲಿನ ಪಾಚಿ ಕೆರೆದು, ಬಾಟಲಿಯಿಂದ ಸ್ವಲ್ಪ ನೀರು ಬಿಟ್ಟು, ಅದು ಜಾರಿದ ದಿಕ್ಕು ಹಿಡಿದು ಕೋನ ಅಳೆಯಬೇಕು. ಹೀಗೆ ಬಂಡೆಯಿಂದ ಬಂಡೆಗೆ, ಗುಡ್ಡದ ಈ ಬದಿ, ಬೆನ್ನು, ಆ ಬದಿ.

*

ಯೋಗೇನ್ ಬಾಯಿ ಮುಚ್ಚುತ್ತಿರಲಿಲ್ಲ. ಕಲ್ಲಿನ ಜೊತೆ ಮಾತಾಡುತ್ತಿದ್ದ, ಜಿಗಣೆಯನ್ನು ಬೈಯುತ್ತಿದ್ದ, ಮೊಬೈಲಿನಲ್ಲಿ ಸಿಗ್ನಲ್ ಸಿಕ್ಕರೆ ಅದಕ್ಕೂ ನಮಸ್ಕಾರ ಹೇಳುತ್ತಿದ್ದ. ನಾನು ಅಂಕಿ ಮಾತ್ರ ಹೇಳುತ್ತಿದ್ದೆ.

"ನಿಮಗೆ ಮಾತಿಗೂ ಸಾಲು ನಿಲ್ಲಬೇಕಾ ಊರಲ್ಲಿ?" ಎಂದು ಒಮ್ಮೆ ಕೇಳಿದ.

ಆವತ್ತು ಊಟಕ್ಕೆ ಕೂತಿದ್ದೆವು. ಅನ್ನ, ಒಣ ಸೊಪ್ಪಿನ ಗುಂದ್ರುಕ್ ಸಾರು, ಅವನ ಡಬ್ಬಿಯಲ್ಲಿ ಡಲ್ಲೆ ಮೆಣಸಿನಕಾಯಿ. ದುಂಡಗೆ, ಕೆಂಪಗೆ, ನೋಡಲು ಹಣ್ಣಿನ ಹಾಗಿರುತ್ತದೆ. ಒಂದನ್ನು ನನ್ನ ಕಡೆ ತಳ್ಳಿ, "ಬೇಡ ಬಿಡಿ. ಖಾರ ತಿಂದು ನೀರು ಕುಡಿಯೋ ಅನುಕೂಲ ಪೋಖ್ರೆಯವರಿಗಿಲ್ಲ, ಪಾಪ," ಎಂದ.

ನಾನು ಇಡೀ ಕಾಯನ್ನು ಬಾಯಿಗೆ ಹಾಕಿಕೊಂಡೆ. ನಿಧಾನವಾಗಿ ಅಗಿದೆ. ಕಿವಿ ಬಿಸಿಯಾಯಿತು, ಕಣ್ಣಲ್ಲಿ ನೀರು ಸುರಿಯಿತು. ಅವನ ನಗು ಅರ್ಧಕ್ಕೇ ನಿಂತಿತು. ಅವಸರದಲ್ಲಿ ತನ್ನ ಬಾಟಲಿಯ ಮುಚ್ಚಳ ತಿರುಗಿಸಿ ನನ್ನ ಕೈಗಿಟ್ಟ.

"ಕುಡಿ. ಮೊದಲು ಕುಡಿ. ತಪ್ಪಾಯ್ತು."

ಅವನು ನನ್ನನ್ನು ನೀನು ಎಂದದ್ದು ಅದೇ ಮೊದಲು. ಆಮೇಲೆ ನೀವು ಎಂಬುದು ನಮ್ಮ ನಡುವೆ ಮರಳಿ ಬರಲಿಲ್ಲ.

ತರಬೇತಿಯ ಹುಡುಗಿಯರು ಬೇರೊಂದು ವಿಷಯ ಗಮನಿಸಿದ್ದರು. ನಮ್ಮಲ್ಲಿ ವಯಸ್ಸಿನಲ್ಲಿ ದೊಡ್ಡವನಾದ ಯಾವ ಹುಡುಗನನ್ನಾದರೂ ದಾಜು ಎನ್ನುವುದು ವಾಡಿಕೆ, ಅಣ್ಣ ಎಂದು. ನಾನು ಎಲ್ಲರನ್ನೂ ಹಾಗೇ ಕರೆಯುತ್ತಿದ್ದೆ, ಇವನೊಬ್ಬನನ್ನು ಬಿಟ್ಟು.

"ಏ ಜುನೂ, ಯೋಗೇನ್‌ನ ಏನಂತ ಕರೀತೀಯೇ?"

"ಕರೆಯೋದೇ ಇಲ್ಲ. ಪಕ್ಕದಲ್ಲೇ ಇರ್ತಾನಲ್ಲ," ಎಂದೆ. ಅವರು ಬಿದ್ದು ಬಿದ್ದು ನಕ್ಕರು.

ಗುರಾಂಸ್ ಹೂ ಬಿಟ್ಟಿದ್ದ ದಿನಗಳು. ಗುಡ್ಡದ ಬೆನ್ನಿನ ಮೇಲೆ ಆ ಕೆಂಪು ಹೂವಿನ ಮರವೊಂದರ ಬುಡದಲ್ಲಿ ಒಳ್ಳೆಯ ಬಂಡೆ ಸಿಕ್ಕಿತು. ಅವನು ನೀರು ಬಿಟ್ಟ. ನೀರು ಒಂದು ಕ್ಷಣ ಗುಂಡಗೆ ನಿಂತು, ಯೋಚನೆ ಮಾಡಿದಂತೆ ತಡೆದು, ನಮ್ಮೂರಿನ ಕಡೆ ಜಾರಿತು. ಇಬ್ಬರೂ ಒಟ್ಟಿಗೆ ಬಗ್ಗಿದ್ದೆವು. ತಲೆಗೆ ತಲೆ ತಾಗಿತು. ಅವನು ಹಿಂದೆ ಸರಿಯಲಿಲ್ಲ. ಅವನ ರೆಪ್ಪೆಯ ಮೇಲೆ ಕಲ್ಲಿನ ಪುಡಿ ಕೂತಿತ್ತು, ಬೆಳ್ಳಿಯ ಹಾಗೆ ಮಿನುಗುವ ಪುಡಿ. ಅವನ ಕಣ್ಣು ನನ್ನ ಕಣ್ಣಿನಿಂದ ಹಣೆಗೆ, ಹಣೆಯಿಂದ ಕೂದಲಿಗೆ ಹೋಗಿ, ಅಲ್ಲಿ ಸಿಕ್ಕಿಕೊಂಡಿದ್ದ ಒಂದು ಎಸಳಿನ ಮೇಲೆ ನಿಂತಿತು. ತೆಗೆಯಲು ಕೈ ಎತ್ತಿದ. ತೆಗೆಯದೆ ಇಳಿಸಿದ.

"ಎಷ್ಟು?" ಎಂದು ಕೇಳಿದ. ದನಿ ಸಣ್ಣಗಾಗಿತ್ತು.

"ಇಪ್ಪತ್ತೆಂಟು."

ಬರೆದುಕೊಂಡ. ಮುಂದಿನ ಬಂಡೆಯವರೆಗೆ ಅವನೂ ಮಾತಾಡಲಿಲ್ಲ.

*

ಅಳತೆಗಳನ್ನೆಲ್ಲ ನಕ್ಷೆಯ ಮೇಲೆ ಇಟ್ಟ ದಿನ ವಿಷಯ ಗೊತ್ತಾಯಿತು. ಎಲ್ಲ ಬಂಡೆಗಳೂ ಒಂದೇ ಕಡೆ ವಾಲಿದ್ದವು, ಸಿರುಬಾರಿಯಿಂದ ಪೋಖ್ರೆಯ ಕಡೆಗೆ. ನಮ್ಮ ಧಾರೆ ಹುಟ್ಟುವ ಪದರವನ್ನು ಹಿಡಿದು ಗುಡ್ಡದ ಒಳಗೆ ಮೇಲಕ್ಕೆ ಗೆರೆ ಎಳೆದರೆ ಅದು ಬೆನ್ನನ್ನು ದಾಟಿ, ಆಚೆ ಬದಿಯ ಒಂದು ಹುಲ್ಲುಗಾವಲಿನಲ್ಲಿ ಹೊರಗೆ ಬರುತ್ತಿತ್ತು. ಅಪ್ಪ ತೋಡಿಸಿದ ಗುಂಡಿಗಳ ನೀರು ಅದರ ಮೇಲಿನ ಪದರದಲ್ಲೇ ಜಾರಿ ಪಕ್ಕದ ಕೊಳ್ಳಕ್ಕೆ ಬಿದ್ದು ಹೋಗುತ್ತಿತ್ತು.

ಯೋಗೇನ್ ಗೆರೆಯ ತುದಿಯ ಮೇಲೆ ಬೆರಳಿಟ್ಟ.

"ಇದು ನಮ್ಮ ಹುಲ್ಲುಗಾವಲು," ಎಂದ. "ಅಪ್ಪನದು."

ಅವನ ಅಪ್ಪ ಪದಮ್‌ಲಾಲ್ ಗುರುಂಗ್ ಸೈನ್ಯದಿಂದ ನಿವೃತ್ತರಾದವರು. ಇವತ್ತಿಗೂ ಟೋಪಿ ಓರೆಯಾಗಿ ಇಟ್ಟುಕೊಂಡೇ ಹಸು ಮೇಯಿಸುತ್ತಾರೆ. ಗುಡ್ಡದ ಬೆನ್ನಿನ ಮೇಲಿನ ಕಟ್ಟೆಯಲ್ಲಿ ಎರಡು ಊರಿನವರನ್ನೂ ಸೇರಿಸಿ ಸರ್ ವಿಷಯ ಹೇಳಿದಾಗ ಅವರು ಎದ್ದು ನಿಂತರು.

"ನನ್ನ ಹುಲ್ಲುಗಾವಲಲ್ಲಿ ಬಿದ್ದ ಮಳೆ ಇವರ ಊರಲ್ಲಿ ಏಳುತ್ತೆ ಅಂತೀರಲ್ಲ, ಗುಡ್ಡದ ಹೊಟ್ಟೆಯೊಳಗೆ ಅದನ್ನ ಕೈಹಿಡಿದು ಕರ್ಕೊಂಡು ಹೋಗೋರು ಯಾರು ಮಾಸ್ಟರೇ?"

ಸರ್ ಸುತ್ತ ನೋಡಿದರು. ಊಟಕ್ಕೆಂದು ತಂದಿದ್ದ ಫಾಪರ್ ಹಿಟ್ಟಿನ ರೊಟ್ಟಿಗಳ ಅಡಕಲನ್ನು ಎತ್ತಿಕೊಂಡರು. ಒಂದು ಅಂಚನ್ನು ಮೇಲೆತ್ತಿ ಓರೆಯಾಗಿ ಹಿಡಿದು, ಎತ್ತಿದ ಅಂಚಿನ ಸಂದಿಗೆ ಚಹಾ ಸುರಿದರು. ಚಹಾ ರೊಟ್ಟಿಗಳ ನಡುವೆ ಮಾಯವಾಗಿ, ಇನ್ನೊಂದು ಅಂಚಿನಿಂದ ತೊಟ್ಟಿಕ್ಕಿ ನನ್ನ ಅಪ್ಪನ ಚಪ್ಪಲಿಯ ಮೇಲೆ ಬಿತ್ತು.

"ಸಿರುಬಾರಿಯಲ್ಲಿ ಹಾಕಿದ್ದು ಪೋಖ್ರೆಯಲ್ಲಿ ಬಂತಾ?"

"ಬಂತು," ಎಂದರು ಪದಮ್‌ಲಾಲ್. "ರೊಟ್ಟಿ ಹಾಳಾಯ್ತು."

ಎಲ್ಲರೂ ನಕ್ಕರು. ಗುಂಡಿ ತೋಡಿದರೆ ಗುಡ್ಡ ಕುಸಿಯುವುದಿಲ್ಲವೇ, ಹಸು ಬೀಳುವುದಿಲ್ಲವೇ, ನಮ್ಮ ನೀರು ಕಡಿಮೆಯಾಗುವುದಿಲ್ಲವೇ ಎಂದು ಅವರು ಒಂದೊಂದಾಗಿ ಕೇಳಿದರು. ಹುಲ್ಲುಗಾವಲು ಸಮತಟ್ಟಾಗಿದೆ, ಬೇಲಿ ನಾವು ಕಟ್ಟಿಕೊಡುತ್ತೇವೆ, ನಿಮ್ಮ ಒರತೆಗಳು ಬೇರೆ ಪದರದವು ಎಂದು ಸರ್ ಒಂದೊಂದಕ್ಕೂ ಉತ್ತರ ಕೊಟ್ಟರು. ಕಡೆಗೆ ಅಪ್ಪ ಎದ್ದರು. ಅಷ್ಟು ಜನರ ಎದುರು ಅವರು ಮಾತಾಡಿ ಬಹಳ ಕಾಲವಾಗಿತ್ತು.

"ಎರಡು ವರ್ಷ ಊರವರ ಬೆವರನ್ನ ತಪ್ಪು ಬದಿಗೆ ಸುರಿಸಿದೆ. ಸರಿಯಾದ ಬದಿ ನಿಮ್ಮ ಕೈಯಲ್ಲಿದೆ. ಕೇಳೋಕೆ ನನಗೆ ನಾಚಿಕೆ ಇಲ್ಲ."

ಪದಮ್‌ಲಾಲ್ ತಲೆಯ ಮೇಲಿನ ಟೋಪಿಯನ್ನು ಇನ್ನಷ್ಟು ಓರೆ ಮಾಡಿಕೊಂಡರು. "ತೋಡಿ," ಎಂದರು ಆಮೇಲೆ.

ಅಪ್ಪನ ಕಣ್ಣು ತುಂಬಿತು. ಮುಂದೆ ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. "ಇಷ್ಟು ದೊಡ್ಡ ಮಾತನ್ನ ಬಾಯಿಮಾತಾಗಿ ಬಿಡೋದು ಬೇಡ. ನಾವಿಬ್ಬರೂ ಮಿತ್ ಆಗೋಣ. ನಮ್ಮ ಮಕ್ಕಳ ಕಾಲಕ್ಕೂ ಈ ಕೈ ಬಿಡಬಾರದು."

ಎರಡು ಊರೂ ಚಪ್ಪಾಳೆ ತಟ್ಟಿದವು. ಸಂತೋಷದ ಮಾತೇ ಅದು. ಮಿತ್ ಎಂದರೆ ದೇವರೆದುರು ಶಾಸ್ತ್ರ ಮಾಡಿ ಕಟ್ಟಿಕೊಳ್ಳುವ ಸ್ನೇಹ. ಮಾಡಿಕೊಂಡವರು ಒಡಹುಟ್ಟಿದವರಿಗಿಂತ ಹೆಚ್ಚು. ಅವರ ಮಕ್ಕಳು ಅಣ್ಣತಂಗಿಯರು. ಆ ಎರಡು ಮನೆಗಳ ನಡುವೆ ಏಳು ತಲೆಮಾರು ಮದುವೆ ಇಲ್ಲ.

ನಾನು ಜನರ ತಲೆಗಳ ನಡುವೆ ಯೋಗೇನನನ್ನು ಹುಡುಕಿದೆ. ಅವನೊಬ್ಬ ಚಪ್ಪಾಳೆ ತಟ್ಟದೆ ನಿಂತಿದ್ದ.

*

ಇಳಿಯುವ ದಾರಿಯಲ್ಲಿ ಅವನು ಸ್ವಲ್ಪ ದೂರ ನನ್ನ ಜೊತೆ ಬಂದ. ಮುಂದೆ ಹೋಗುತ್ತಿದ್ದ ಹೆಂಗಸರು ಹಾಡು ಹೇಳುತ್ತಿದ್ದರು.

"ನೀನು ಒಂದು ಸಲಾನೂ ನನ್ನನ್ನ ದಾಜು ಅನ್ಲಿಲ್ಲ," ಎಂದ.

"ಹೂಂ."

"ಇನ್ನು ಅನ್ನಬೇಕಾಗುತ್ತೆ."

"ಹೂಂ."

"ಬಾಯಿ ಬರುತ್ತಾ ನಿನಗೆ?"

ನಾನು ಕಾಲಿಗೆ ಸಿಕ್ಕ ಕಲ್ಲೊಂದನ್ನು ದಾರಿಯ ಅಂಚಿಗೆ ತಳ್ಳಿದೆ.

"ಜುನೂ, ದಿನವಿಡೀ ವಟಗುಟ್ಟಿದೆ ನಾನು. ಹೇಳಬೇಕಾದ್ದೊಂದು ಬಿಟ್ಟು. ನನಗೆ ನೀನು ಬೇಕು. ತಂಗಿಯಾಗಿ ಅಲ್ಲ. ಇವತ್ತೇ ಅಪ್ಪನಿಗೆ ಹೇಳ್ತೀನಿ."

"ಹೇಳಿದ್ರೆ ಏನಾಗುತ್ತೆ ಗೊತ್ತಾ?" ಎಂದೆ. "ಗುಡ್ಡ ದಾಟೋಕೆ ಇವರಿಗೊಂದು ನೆಪ ಬೇಕಿತ್ತು, ಅದಕ್ಕೇ ಗೆರೆಯನ್ನ ದಾಟಿಸಿದ್ರು ಅಂತಾರೆ."

"ಕಲ್ಲನ್ನ ನಾವು ವಾಲಿಸೋಕಾಗುತ್ತಾ?"

"ಅಂಕಿ ವಾಲಿಸಬಹುದಲ್ಲ. ನಿಮ್ಮಪ್ಪ ಕೊಟ್ಟ ಮಾತು ವಾಪಸ್ ತಗೊಳ್ತಾರೆ. ನಮ್ಮಪ್ಪ ಇನ್ನೊಂದು ಸಲ ಊರೆದುರು ತಲೆ ತಗ್ಗಿಸಬೇಕು. ಧಾರೆ ಹೋಗುತ್ತೆ ಯೋಗೇನ್."

ಅವನು ದಾರಿಯಂಚಿನ ಹುಲ್ಲನ್ನು ಎಳೆದೆಳೆದು ಕಿತ್ತ. "ಧಾರೆ ವಿಷಯ ಸರಿ. ನಿನ್ನ ವಿಷಯ? ನಿನಗೂ..."

"ನನಗೂ," ಎಂದೆ.

ಒಂದೇ ಮಾತು. ಅವನ ಮುಖ ಅರಳಿತು, ಮರುಕ್ಷಣ ಬಾಡಿತು. ಎರಡನ್ನೂ ನೋಡಿದೆ.

"ಸುಮ್ಮನಿರ್ತೀನಿ ಅಂತ ಹೇಳು," ಎಂದೆ.

"ಅದು ನನಗೆ ಬರೋ ಕೆಲಸ ಅಲ್ಲ."

"ಹೇಳು."

"ಸರಿ. ಸುಮ್ಮನಿರ್ತೀನಿ."

ಮನೆಯಲ್ಲಿ ಆಮಾ ಮಿತ್ ಶಾಸ್ತ್ರದ ದಿನದ ಸೆಲ್ ರೊಟ್ಟಿಗೆ ಅಕ್ಕಿ ನೆನೆಹಾಕುತ್ತಿದ್ದಳು. ನನ್ನ ತಾಯಿಗೆ ಗಂಡುಮಗನಿಲ್ಲವೆಂಬ ಕೊರಗು ಹಳೆಯದು. "ನೋಡು ನಾನಿ, ನನ್ನ ಮಗಳೇ, ಕಾಲ ಹೇಗೆ ಕೂಡಿಬಂತು! ಹಬ್ಬಕ್ಕೆ ತಿಲಕ ಇಡೋಕೆ ನಿನಗೊಬ್ಬ ಅಣ್ಣ ಇರಲಿಲ್ಲ. ಈಗ ಎಂಥಾ ಹುಡುಗ ಸಿಕ್ಕ! ಮಾತು ಸ್ವಲ್ಪ ಜಾಸ್ತಿ, ಆದ್ರೂ ಒಳ್ಳೆಯವನು." ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತಾ ಕೂತೆ. ಕಲ್ಲಿರಲಿಲ್ಲ. ಆದರೂ ಆರಿಸಿದೆ.

ಧಾರೆಯ ಸಾಲಿನಲ್ಲಿ ಹೆಂಗಸರು ಮತ್ತೆ ಮಾತಾಡತೊಡಗಿದ್ದರು. ನಾನು ಹೋದರೆ ಜಾಗ ಬಿಡುತ್ತಿದ್ದರು. "ನಮ್ಮ ಹುಡುಗಿ ಕಲ್ಲು ಓದಿ ನೀರು ತಂದ್ಲು," ಎಂದು ಒಬ್ಬ ಅಜ್ಜಿ ನನ್ನ ಗಲ್ಲ ಸವರಿದಳು. ನಾನು ಮಾಡಿದ್ದು ಸರಿಯೆಂದು ಅಲ್ಲಿದ್ದಷ್ಟು ಹೊತ್ತೂ ಅನಿಸುತ್ತಿತ್ತು. ಕ್ಯಾನು ಹೊತ್ತು ಮನೆಯ ಮೆಟ್ಟಿಲು ಹತ್ತುವಾಗ ಅನಿಸುತ್ತಿರಲಿಲ್ಲ.

*

ಶಾಸ್ತ್ರ ಅದೇ ಕಟ್ಟೆಯ ಮೇಲೆ. ಚಾಪೆ ಹಾಸಿದ್ದರು. ತಟ್ಟೆಯಲ್ಲಿ ಗರಿಕೆ, ಅಕ್ಷತೆ, ಬದಲಾಯಿಸಿಕೊಳ್ಳಲು ಎರಡು ಹೊಸ ಟೋಪಿಗಳು. ಅಪ್ಪ ಒಂದು ಬದಿ, ಪದಮ್‌ಲಾಲ್ ಇನ್ನೊಂದು ಬದಿ. ಯೋಗೇನ್ ತನ್ನ ಅಪ್ಪನ ಹಿಂದೆ ನಿಂತು ನೆಲ ನೋಡುತ್ತಿದ್ದ. ಅವನು ಅಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಹೊಟ್ಟೆನೋವೇನೋ ಎಂದು ಯಾರೋ ಪಿಸುಗುಟ್ಟಿದರು.

ಎರಡು ಊರಿಗೂ ಹಿರಿಯರಾದ ಮಂಡಲ್ ಬಾಜೆ ಗಂಟಲು ಸರಿಮಾಡಿಕೊಂಡರು. ಅಜ್ಜನಿಗೆ ಕಿವಿ ಮಂದ, ದನಿ ಮಾತ್ರ ಕೊಳ್ಳದಾಚೆಗೂ ಕೇಳುವಂಥದ್ದು.

"ಕೈ ಕೂಡಿಸೋ ಮೊದಲು ಕೇಳೋದು ಪದ್ಧತಿ. ಈ ಎರಡು ಮನೆಗಳ ನಡುವೆ ರಕ್ತದ ನಂಟಾಗಲಿ, ಮದುವೆಯ ನಂಟಾಗಲಿ ಇದೆಯಾ? ಇದ್ರೆ ಈಗಲೇ ಹೇಳಿಬಿಡಿ."

ಉತ್ತರ ಬೇಕಿಲ್ಲದ ಪ್ರಶ್ನೆ. ಬಾಜೆ ಆಗಲೇ ಗರಿಕೆಗೆ ಕೈ ಹಾಕಿದ್ದರು. ನಾನು ಅಪ್ಪನ ಬೆನ್ನನ್ನು ನೋಡುತ್ತಿದ್ದೆ. ನೆಟ್ಟಗೆ, ಹೆಮ್ಮೆಯಿಂದ ಕೂತಿದ್ದ ಬೆನ್ನು. ಕೆಳಗೆ ಏನು ಯಾವ ಕಡೆ ವಾಲಿದೆ ಎಂದು ನೋಡದೆ ಮೇಲೆ ಮಾತ್ರ ಅಗೆದು ಸೋತ ಮನುಷ್ಯ. ಈಗ ಮತ್ತೆ ಅದನ್ನೇ ಮಾಡುತ್ತಿದ್ದಾರೆ, ಈ ಸಲ ಕೆಳಗಿರುವುದು ಏನೆಂದು ಬಲ್ಲವಳು ನಾನು, ಹಿಂದೆ ನಿಂತು ನೋಡುತ್ತಿದ್ದೇನೆ.

"ಇನ್ನೂ ಇಲ್ಲ," ಎಂದೆ.

ಬಾಜೆಯ ಕೈ ನಿಂತಿತು. "ಏನಂದ್ಲು?"

"ಇನ್ನೂ ಇಲ್ಲ ಅಂದ್ಲು ಬಾಜೆ!" ಎಂದು ಯಾರೋ ಅವರ ಕಿವಿಯಲ್ಲಿ ಕೂಗಿದರು. ಗುಡ್ಡದ ಎರಡೂ ಬದಿಗೆ ಕೇಳಿಸಿತು.

ಯೋಗೇನ್ ತಲೆಯೆತ್ತಿ ನನ್ನನ್ನು ನೋಡಿದ. ಬಂದು ನನ್ನ ಪಕ್ಕ ನಿಂತ. ಏನೂ ಹೇಳಲಿಲ್ಲ, ಕೊಟ್ಟ ಮಾತನ್ನು ಇನ್ನೂ ಉಳಿಸಿಕೊಳ್ಳುತ್ತಿದ್ದ.

ಪದಮ್‌ಲಾಲ್ ಚಾಪೆಯಿಂದ ಎದ್ದರು. "ಓಹೋ. ಇದಕ್ಕೇನಾ ನನ್ನ ಹುಲ್ಲುಗಾವಲು ಬೇಕಾಗಿದ್ದು? ನಿಮ್ಮ ಮುಳ್ಳು ಯಾವ ಕಡೆ ತಿರುಗುತ್ತೆ ಅಂತ ಈಗ ಗೊತ್ತಾಯ್ತು!"

"ಕಾಕಾ, ನೀರಿನ ಮಾತು ಬೇರೆ, ನಮ್ಮ ಮಾತು ಬೇರೆ," ಎಂದೆ. "ನಮ್ಮ ಅಳತೆಯನ್ನ ನಂಬಬೇಡಿ. ಪಕ್ಕಕ್ಕಿಡಿ. ಬೇರೆ ಊರಿನವರ ಕೈಲಿ ಅಳೆಸಿ, ನೀವೇ ಜೊತೆಗಿದ್ದು ನೋಡಿ. ಅಲ್ಲಿವರೆಗೆ ನಾವಿಬ್ಬರೂ ಗುಡ್ಡ ಹತ್ತಲ್ಲ. ಕಲ್ಲು ಬೇರೆ ಹೇಳಿದ್ರೆ ಒಂದು ಗುಂಡಿಯನ್ನೂ ತೋಡೋದು ಬೇಡ. ಅದನ್ನೇ ಹೇಳಿದ್ರೆ, ನೀವು ನನ್ನನ್ನ ಸೊಸೆ ಮಾಡ್ಕೊಂಡ್ರೂ ಸರಿ, ಬಿಟ್ರೂ ಸರಿ, ಗುಂಡಿ ತೋಡಬೇಕು. ಆ ಧಾರೆಗೆ ನಾನು ಬೆಲೆ ಅಲ್ಲ."

"ಕರ್ಣಧೋಜನ ಮಗಳಿಗೆ ಬಾಯಿ ಇದೆ ಕಣ್ರೋ," ಎಂದಿತು ಗುಂಪಿನಿಂದ ಒಂದು ದನಿ.

ಅಪ್ಪ ಹೊಸ ಟೋಪಿಯನ್ನು ಕೈಯಲ್ಲಿ ಹಿಡಿದು ಹಾಗೇ ಕೂತಿದ್ದರು. ಶಾಸ್ತ್ರ ನಿಂತಿತು. ಸೆಲ್ ರೊಟ್ಟಿಗಳನ್ನು ಮಾತ್ರ ಎರಡು ಊರಿನವರೂ ತಿಂದು ಮುಗಿಸಿ ಮನೆಗೆ ಹೋದರು.

*

ಸರ್ ದೂರದ ಊರಿನ ಇಬ್ಬರು ತರಬೇತಿಯವರನ್ನು ಕಳಿಸಿದರು. ನಾನು ಹೊಲದಲ್ಲಿ ಕಳೆ ಕೀಳುತ್ತಾ ಗುಡ್ಡದ ಬೆನ್ನಿನ ಮೇಲೆ ಓಡಾಡುವ ಸಣ್ಣ ಆಕೃತಿಗಳನ್ನು ನೋಡುತ್ತಿದ್ದೆ. ಅವುಗಳಲ್ಲಿ ಒಂದರ ಟೋಪಿ ಓರೆಯಾಗಿತ್ತು. ಪ್ರತಿ ಬಂಡೆಗೂ ಅದೇ ಮೊದಲು ಬಗ್ಗುತ್ತಿತ್ತು.

ಗುಡ್ಡ ಹತ್ತುವುದಿಲ್ಲ ಎಂದಿದ್ದೆವು. ಫೋನಿನ ಮಾತು ಯಾರೂ ಎತ್ತಿರಲಿಲ್ಲ. ಆದರೂ ಅವನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಸುಮ್ಮನಿರುವುದು ನನಗೆ ಯಾವತ್ತೂ ಸುಲಭ. ಆ ದಿನಗಳಲ್ಲಿ ಮೊದಲ ಸಲ ಅದು ಭಾರವಾಯಿತು. ಜಿಗಣೆಯನ್ನು ಬೈಯುವ ದನಿಯೊಂದು ಕಿವಿಯಲ್ಲಿ ಇಲ್ಲದೆ ಕಾಡು ಬಹಳ ದೊಡ್ಡದೆನಿಸಿತು.

ಅಪ್ಪ ಒಂದು ಸಂಜೆ ಹೊಲದ ಬದುವಿನ ಮೇಲೆ ನನ್ನ ಪಕ್ಕ ಬಂದು ಕೂತರು.

"ಮೊದಲೇ ಹೇಳಬಾರದಿತ್ತಾ ನಾನಿ?"

"ಹೇಳಿದ್ರೆ ನೀವು ಮಿತ್ ಆಗ್ತಿರಲಿಲ್ಲ."

"ಈಗಲೂ ಆಗಲಿಲ್ಲ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಟೋಪಿ ಚೆನ್ನಾಗಿತ್ತು," ಎಂದು ನಕ್ಕರು. ನನಗೆ ಅಳು ಬಂತು.

ಪದಮ್‌ಲಾಲ್ ಅಳತೆ ಮುಗಿದ ಮೇಲೆ ಹೇಳದೆ ಕೇಳದೆ ನಮ್ಮ ಮನೆಗೆ ಬಂದರು. ಆಮಾ ಅವರ ಮುಂದೆ ಬಿದಿರಿನ ಪಾತ್ರೆಯಲ್ಲಿ ಹುಳಿಸಿದ ರಾಗಿಯ ಮದ್ಯ ತೊಂಗ್ಬಾ ಇಟ್ಟಳು. ಅವರು ಕೊಳವೆಯಿಂದ ನಿಧಾನವಾಗಿ ಹೀರಿ, ನನ್ನನ್ನು ಕರೆದರು.

"ಅಳೆದೆವು. ಎಲ್ಲಾ ಕಲ್ಲಿಗೂ ನಾನೇ ನೀರು ಬಿಟ್ಟೆ. ಎಲ್ಲಾ ಈ ಕಡೆಗೇ ಬಂತು. ನಿಮ್ಮ ಅಳತೆ ಸರಿ."

ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು.

"ಒಂದು ಕಡೆ ಬಿಟ್ಟು," ಎಂದರು ಪದಮ್‌ಲಾಲ್. "ಗುರಾಂಸ್ ಮರದ ಬುಡದಲ್ಲಿ. ಅಲ್ಲಿ ಮೂವತ್ತು ಬರುತ್ತೆ. ನೀವು ಇಪ್ಪತ್ತೆಂಟು ಅಂದಿದ್ದೀರ. ಅಲ್ಲೊಂದೇ ಕಡೆ ಯಾಕೆ ತಪ್ಪಾಯ್ತು?"

ನಾನು ನೆಲ ನೋಡಿದೆ. ಮುಖ ಡಲ್ಲೆ ತಿಂದವಳ ಹಾಗೆ ಬಿಸಿಯಾಯಿತು.

"ಮಗನನ್ನ ಕೇಳಿದೆ. ಅವನೂ ಹೀಗೇ ನಿಂತ," ಎಂದು ಅವರು ಇನ್ನೊಂದು ಗುಟುಕು ಹೀರಿ ಅಪ್ಪನ ಕಡೆ ತಿರುಗಿದರು. "ಕರ್ಣಧೋಜ್, ಯೋಚನೆ ಮಾಡಿದೆ. ಮಿತ್ ಆದ್ರೆ ಸಾಯೋತನಕ ನಿನಗೆ ತಾವು ಅನ್ನಬೇಕು, ಎದುರುತ್ತರ ಕೊಡೋ ಹಾಗಿಲ್ಲ. ನನಗೆ ಆಗದ ಕೆಲಸ. ಬೀಗರಾದ್ರೆ ದಿನಾ ಜಗಳ ಆಡಬಹುದು."

"ನೀನು ಮೊದಲು ಗುಂಡಿಗೆ ಜಾಗ ತೋರಿಸು," ಎಂದರು ಅಪ್ಪ.

"ನೋಡು, ಆಗಲೇ ಶುರು ಮಾಡಿದ."

*

ಮಳೆಗೆ ಮೊದಲು ಕೆಲಸ ಮುಗಿಯಬೇಕಿತ್ತು. ಎರಡು ಊರಿನವರೂ ಹುಲ್ಲುಗಾವಲಿಗೆ ಬಂದರು. ಗುಂಡಿ ಎಷ್ಟು ಆಳ ಇರಬೇಕೆಂದು ಬೆಳಗಿನಿಂದ ನನ್ನ ಅಪ್ಪನಿಗೂ ಅವನ ಅಪ್ಪನಿಗೂ ಜಗಳ ನಡೆದಿತ್ತು. ಇಬ್ಬರೂ ಬಹಳ ಖುಷಿಯಲ್ಲಿದ್ದರು.

"ನೀರು ಹೋದ್ರೆ ಹೋಗಲಿ ಬಿಡಿ, ಬದಲಿಗೆ ಹುಡುಗಿ ಬರ್ತಾಳಲ್ಲ," ಎಂದು ಸಿರುಬಾರಿಯ ಹೆಂಗಸೊಬ್ಬಳು ಚುಡಾಯಿಸಿದಳು.

"ನೀರು ಬಂದ ಮೇಲೆ ನಾನು ಬರದೇ ಇರಬಹುದು ಅತ್ತಿಗೆ," ಎಂದೆ.

ಹೆಂಗಸರು ಹೋ ಎಂದರು. ಪಕ್ಕದ ಗುಂಡಿಯಲ್ಲಿ ಯೋಗೇನನ ಗುದ್ದಲಿ ನಿಂತಿತು.

ಮಧ್ಯಾಹ್ನ ಮೋಡ ಕವಿದು, ವರ್ಷದ ಮೊದಲ ಜೋರು ಮಳೆ ಬಿತ್ತು. ಎಲ್ಲರೂ ಓಡಿ ದನದ ಕೊಟ್ಟಿಗೆ ಸೇರಿದರು. ನಿಂತ ಮೇಲೆ ನಾನು ಗುಂಡಿಯ ಅಂಚಿಗೆ ಬಂದೆ. ಅವನೂ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಗುಂಡಿ ಅರ್ಧ ತುಂಬಿತ್ತು. ಕೆಸರುನೀರು. ನೋಡುತ್ತಿದ್ದಂತೆ ಅದರ ಅಂಚು ಮಣ್ಣಿನ ಗೋಡೆಯಿಂದ ಕೂದಲೆಳೆಯಷ್ಟು ಕೆಳಗಿಳಿಯಿತು. ಆಮೇಲೆ ಇನ್ನಷ್ಟು.

"ಕುಡೀತಿದೆ," ಎಂದ.

"ಹೂಂ."

"ಜುನೂ, ಆಗ ನೀನು ಅಂದಿದ್ದು ತಮಾಷೆ ತಾನೆ?"

ನಾನು ನೀರನ್ನೇ ನೋಡುತ್ತಿದ್ದೆ. ಒಂದು ಹುಲ್ಲುಕಡ್ಡಿ ಅದರ ಮೇಲೆ ತಿರುಗುತ್ತಾ ಇಳಿಯುತ್ತಿತ್ತು.

"ನಿಮ್ಮೂರು ಮುಟ್ಟೋಕೆ ಇದಕ್ಕೆ ಎಷ್ಟು ಕಾಲ ಬೇಕು?" ಎಂದು ಕೇಳಿದ.

"ಒಂದು ಮಳೆಗಾಲ. ಎರಡೂ ಆಗಬಹುದು. ಒಳಗೆ ಎಷ್ಟು ಬಿರುಕಿದೆಯೋ ಯಾರಿಗೆ ಗೊತ್ತು."

"ಮತ್ತೆ ನಿನಗೆ? ಇಲ್ಲಿಗೆ ಬರೋಕೆ?"

ನನ್ನ ಕಾಲಿಗೆ ಅವರ ಹುಲ್ಲುಗಾವಲಿನ ಕೆಸರು ಮೊಣಕಾಲಿನವರೆಗೆ ಮೆತ್ತಿತ್ತು. ಅವನ ತೋಳು ನನ್ನ ತೋಳಿಗೆ ತಾಗಿತ್ತು, ಇಬ್ಬರದೂ ಒದ್ದೆ.

"ನಾನು ಬಂದಾಯ್ತಲ್ಲ," ಎಂದೆ.

ಅವನು ಕೈ ಎತ್ತಿ ನನ್ನ ಕೂದಲಿಗೆ ಅಂಟಿದ್ದ ಹುಲ್ಲುಕಡ್ಡಿಯೊಂದನ್ನು ಈ ಸಲ ತೆಗೆದ. ನೀರು ಇಳಿಯುವುದನ್ನು ಇಬ್ಬರೂ ನೋಡುತ್ತಾ ಕೂತೆವು.